ಅತ್ತಿಯವರ ಕಿವಿ ಮತ್ತು ನನ್ನ ಲ್ಯಾಪ್‌ಟಾಪು

ಮೊನ್ನೆ ರವಿವಾರ ಸ್ಟೇಪ್ಲರ್ ಹುಡುಕಲು ಹೋಗಿ ಮೇಜಿನ ಕೆಳಗಿನ ಡ್ರಾ ಎಳೆದೆ. ಅದು ಅರ್ಧಕ್ಕೆ ಬಂದು ನಿಂತಿತು. ಒಳಗೆ ಏನೋ ಸಿಕ್ಕಿಕೊಂಡಿತ್ತು. ನನ್ನದು ಮೊದಲಿನಿಂದಲೂ ಜಗ್ಗುವ ಸ್ವಭಾವ. ಜಗ್ಗಿದೆ. ಇಡೀ ಡ್ರಾ ಕೈಗೆ ಬಂತು. ಅದರ ಹಿಂದೆಯೇ ವಾಯರುಗಳ ಒಂದು ದೊಡ್ಡ ಮುದ್ದೆಯೂ ಉರುಳಿ ಬಂದು ನನ್ನ ಕಾಲ ಮೇಲೆ ಕೂತಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡ್ರಾ ಇದ್ದೇ ಇರುತ್ತದೆ, ಇಲ್ಲ ಅನ್ನಬೇಡಿ. ಯಾವ ವಾಯರು ಯಾವುದಕ್ಕೆ ಸೇರಿದ್ದು ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಆದರೂ ಎಸೆಯಲು ಧೈರ್ಯವಿರುವುದಿಲ್ಲ. ಎಸೆದ ಮರುದಿನವೇ ಅದು ಬೇಕಾಗುತ್ತದೆ ಎನ್ನುವುದು ನನ್ನ ಗಟ್ಟಿ ನಂಬಿಕೆ.

ನೆಲದ ಮೇಲೆ ಕೂತು ಬಿಡಿಸತೊಡಗಿದೆ. ದಪ್ಪ ಗುಂಡು ಪಿನ್ನಿನದು ಒಂದು, ಸಣ್ಣ ಗುಂಡು ಪಿನ್ನಿನವು ಎಷ್ಟೋ. ಚಪ್ಪಟೆ ಪಿನ್ನಿನವು ಬೇರೆ. ಗುಂಡು ಪಿನ್ನನ್ನು ಚಪ್ಪಟೆ ತೂತಿಗೆ ಸೇರಿಸುವ ಗಿಡ್ಡ ತುಂಡೊಂದು. ಒಂದೊಂದನ್ನೂ ನಾನೇ ತಂದದ್ದು. ತಂದಾಗಲೆಲ್ಲ ಅಂಗಡಿಯವರು "ಇನ್ನ ಮುಂದ ಇದ ರೀ ಮೇಡಮ್, ಎಲ್ಲಾದಕ್ಕೂ ಇದ ಹೊಂದತೈತಿ" ಎಂದು ಭರವಸೆ ಕೊಟ್ಟಿದ್ದರು. ಈಗ ಪಿನ್ನೂ ಇಲ್ಲ, ತೂತೂ ಇಲ್ಲ. ಎಲ್ಲ ಗಾಳಿಯಲ್ಲೇ ನಡೆಯುತ್ತದೆ. ಗಾಳಿಯಲ್ಲಿ ನಡೆಯುವುದು ಎಂದರೆ ಏನು ಎನ್ನುವುದನ್ನೇ ಇವತ್ತು ನಿಮಗೆ ಹೇಳಬೇಕೆಂದುಕೊಂಡಿದ್ದೇನೆ.

ನಾನು ಬೆಳೆದದ್ದು ಶಿಗ್ಗಾಂವಿಯಲ್ಲಿ. ನಮ್ಮಪ್ಪನ ರೇಡಿಯೋಗೆ ಎರಡು ಗುಂಡಿಗಳಿದ್ದವು, ಎರಡೂ ಕೆಲಸ ಮಾಡುತ್ತಿರಲಿಲ್ಲ. ಅಪ್ಪನ ಅಂಗೈ ಕೆಲಸ ಮಾಡುತ್ತಿತ್ತು. ಎಡಗಡೆ ಬಡಿದರೆ ವಾರ್ತೆ, ಬಲಗಡೆ ಬಡಿದರೆ ಹಾಡು, ನೆತ್ತಿಯ ಮೇಲೆ ಬಡಿದರೆ ಪೂರಾ ಬಂದ್. ಅಪ್ಪ ಊರಿಗೆ ಹೋದಾಗ ಅವ್ವ ಬಡಿದು ನೋಡುತ್ತಿದ್ದಳು. ಅವಳ ಬಡಿತಕ್ಕೆ ರೇಡಿಯೋ ಬರೀ ಗೊರಗೊರ ಅನ್ನುತ್ತಿತ್ತು. ಆಮೇಲೆ ಸಣ್ಣ ಟೇಪ್‌ರೆಕಾರ್ಡರ್ ಬಂತು, ಅದರ ಜೊತೆ ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನೂ ಬಂತು. ಅದರಲ್ಲಿ ಒಂದೇ ಕಿವಿ ನುಡಿಯುತ್ತಿತ್ತು. ಆ ಕಿವಿ ಹಕ್ಕಿನಿಂದ ನಮ್ಮಕ್ಕ ಸುಮಾಳದು. ನುಡಿಯದ ಕಿವಿ ನನ್ನದು. ಅವಳು ಕೇಳಿ ಕೇಳಿ ಗುನುಗುತ್ತಿದ್ದಳು, ನಾನು ಅವಳ ಗುನುಗು ಕೇಳಿ ತಲೆದೂಗುತ್ತಿದ್ದೆ. ಎಷ್ಟೋ ಹಾಡುಗಳ ಧಾಟಿ ನನಗೆ ಇವತ್ತಿಗೂ ತಪ್ಪಾಗಿಯೇ ಗೊತ್ತು.

ಇಷ್ಟು ತಯಾರಿಯ ನಾನು ಈಗ ಹಿರೇಕೆರೂರಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ತಜ್ಞೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ, ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪು ಮಾಡುತ್ತೇನೆ. ಒತ್ತಕ್ಷರ ಬಂದರೆ ತಜ್ಞತೆ ಬಂದಂತೆಯೇ ಎಂದು ನಮ್ಮ ಮನೆಯವರು ತಿಳಿದಿದ್ದಾರೆ. ಅವರು ಸರ್ಕಾರಿ ಬಸ್ಸಿನ ಡ್ರೈವರು, ಹಾವೇರಿ ದಾರಿಯಲ್ಲಿ ದಿನಾ ಹೋಗಿ ಬರುತ್ತಾರೆ. ಮನೆಯಲ್ಲಿ ಮೂರನೆಯವರು ನಮ್ಮ ಅತ್ತಿ ಗಿರಿಜವ್ವ, ನಮ್ಮ ಮನೆಯವರ ತಾಯಿ. ಈ ಕಥೆ ಅವರದೇ.

ಅತ್ತಿ ಕೌದಿ ಹೊಲಿಯುತ್ತಾರೆ. ಹಳೆ ಸೀರೆ, ಹಳೆ ಧೋತರ, ನಮ್ಮ ಮನೆಯವರ ಹಳೆ ಖಾಕಿ ಪ್ಯಾಂಟು, ಎಲ್ಲವೂ ಅವರ ಕೈಯಲ್ಲಿ ಒಂದರ ಪಕ್ಕ ಒಂದು ಹೊಂದಿಕೊಂಡು ಕೂರುತ್ತವೆ. ಅವರ ಹೊಲಿಗೆ ಇರುವೆಗಳು ಸಾಲು ಹಿಡಿದು ಹೊರಟ ಹಾಗೆ ಇರುತ್ತದೆ. ಆದರೆ ಹಲವು ವರ್ಷಗಳಿಂದ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೇಳಿಸುವುದಿಲ್ಲ ಎಂದು ಒಪ್ಪಿಕೊಳ್ಳುವ ಹೆಂಗಸೂ ಅಲ್ಲ. ಎದುರಿಗಿದ್ದವರ ಮುಖ ನೋಡಿ, ಅವರು ಏನು ಕೇಳಿರಬಹುದು ಎಂದು ಅಂದಾಜು ಮಾಡಿ, ಗಟ್ಟಿಯಾಗಿ ಉತ್ತರ ಕೊಡುತ್ತಿದ್ದರು. ಅಂದಾಜು ಬಹಳ ಸಲ ಸರಿಯಾಗಿಯೇ ಇರುತ್ತಿತ್ತು. ಜನ ಕೇಳುವುದು ಅವವೇ ನಾಲ್ಕು ಮಾತು ತಾನೇ?

ಹೋದ ವರ್ಷ ಹಾನಗಲ್ಲಿನಲ್ಲಿ ಒಂದು ಸಭೆ ನಡೆಯಿತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಕೌದಿ ಹೊಲಿಯುವ ಹೆಣ್ಣುಮಕ್ಕಳೆಲ್ಲ ಸೇರಿ ಒಂದು ಒಕ್ಕೂಟ ಕಟ್ಟುವ ಸಭೆ. ಅತ್ತಿ ಒಬ್ಬರೇ ಬಸ್ಸು ಹತ್ತಿ ಹೋದರು. ಸಂಜೆ ಬರುವಾಗ ಕೊರಳಲ್ಲಿ ಚೆಂಡುಹೂವಿನ ಮಾಲೆ.

"ಏನ್ರಿ ಅತ್ತಿ ಇದು?" ಎಂದು ನಾನು ಕೈಸನ್ನೆ ಮಾಡಿ ಕೇಳಿದೆ.

"ಅಧ್ಯಕ್ಷಿ ಮಾಡ್ಯಾರ ನನ್ನ. ನನ್ನ ಹೊಲಿಗಿ ನೋಡಿ ಮಾಡ್ಯಾರ," ಎಂದು ಹೇಳಿ, ಚಪ್ಪಲಿ ಬಿಡುತ್ತ, "ಚಾ ಮಾತ್ರ ಕುಡಸಲಿಲ್ಲ ನೋಡ," ಎಂದರು.

ಅದೇ ಸಂಜೆ ಶಿಗ್ಗಾಂವಿಯಿಂದ ಸುಮಕ್ಕನ ಫೋನು ಬಂತು. ಅವಳೂ ಕೌದಿ ಹೊಲಿಯುತ್ತಾಳೆ, ಅವಳೂ ಆ ಸಭೆಯಲ್ಲಿದ್ದಳು. ನಗು ತಡೆಯಲಾರದೆ ಅರ್ಧರ್ಧ ಮಾತಾಡಿದಳು. ಆದದ್ದು ಹೀಗೆ. ಅಧ್ಯಕ್ಷರು ಯಾರಾಗುತ್ತೀರಿ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರಂತೆ. ಓಡಾಟದ ಕೆಲಸ, ಯಾರಿಗೆ ಬೇಕು? ಆಗ ಸವಣೂರಿನ ರಜಿಯಾಬಿ ನಮ್ಮ ಅತ್ತಿಯ ಕಡೆ ತಿರುಗಿ, "ಗಿರಿಜವ್ವಾರ, ನೀವು ಆಗ್ತೀರೇನ್ರಿ?" ಎಂದು ಕೇಳಿದರಂತೆ. ಅತ್ತಿಯ ತಲೆಯ ಮೇಲೆ ಫ್ಯಾನು ಗಡಗಡ ಅನ್ನುತ್ತಿತ್ತು. ಚಹಾ ಕುಡಿಯುತ್ತೀರಾ ಎಂದು ಕೇಳುತ್ತಿದ್ದಾರೆಂದು ತಿಳಿದು ಅತ್ತಿ ತಲೆಯಾಡಿಸಿ, "ಹೂಂ, ಆದ್ರ ಸಕ್ಕರಿ ಕಡಿಮಿ," ಎಂದರಂತೆ. ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು.

ನಾನು ಇದನ್ನು ಅತ್ತಿಗೆ ಹೇಳಲಿಲ್ಲ. ಆ ಚೆಂಡುಹೂವಿನ ಮಾಲೆಯನ್ನು ಅವರು ಮೊಳೆಗೆ ತೂಗುಹಾಕಿ, ಬಂದವರಿಗೆಲ್ಲ ತೋರಿಸುತ್ತಿದ್ದರು. ಹೇಳುವ ಬಾಯಿ ಯಾರಿಗಿದೆ?

ಆದರೆ ಅಧ್ಯಕ್ಷತೆ ಎಂದ ಮೇಲೆ ಜಗಳಗಳು ಬರಬೇಕಲ್ಲ, ಬಂದವು. ಹಾನಗಲ್ಲಿನವರು ಕೌದಿಯ ಅಂಚನ್ನು ಮಷೀನಿನಲ್ಲಿ ಹೊಲಿಯೋಣ ಎಂದರು. ಸವಣೂರಿನವರು ಪೂರಾ ಕೈಹೊಲಿಗೆಯೇ ಇರಬೇಕು ಎಂದರು. ಎರಡೂ ಕಡೆಯವರು ಬೇರೆ ಬೇರೆಯಾಗಿ ನಮ್ಮ ಮನೆಗೆ ಬಂದು ಹೋದರು. ಅತ್ತಿ ಇಬ್ಬರಿಗೂ "ಹೌದ್ ಹೌದ್, ಹಂಗ ಮಾಡೂಣು" ಎಂದು ಹೇಳಿ ಕಳಿಸಿದರು. ನಾಲ್ಕು ತಾಲೂಕಿನಲ್ಲಿ ಗೊಂದಲವೋ ಗೊಂದಲ. ಬಿತ್ತನೆಯ ದಿನಗಳು, ಎಲ್ಲರೂ ಒಂದೆಡೆ ಸೇರುವುದು ಆಗದ ಮಾತು. ವಿಡಿಯೋದಲ್ಲಿ ಮೀಟಿಂಗು ಮಾಡಿ ಇದನ್ನು ಮುಗಿಸೋಣ ಎಂದು ನಿರ್ಧಾರವಾಯಿತು. ಆಗ ನಮ್ಮ ಮನೆಯವರು ತಾಯಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಿವಿಗೆ ಮಷೀನು ಹಾಕಿಸಿದರು.

ಮಷೀನು ಎಂದರೆ ಹಿಂದಿನ ಕಾಲದ ಹಾಗೆ ಜೇಬಿನ ಡಬ್ಬಿ ಅಲ್ಲ. ಹುಣಸೆಬೀಜದಷ್ಟು ಸಣ್ಣವು, ಕಿವಿಯ ಹಿಂದೆ ಅಡಗಿ ಕೂರುತ್ತವೆ. ಅಂಗಡಿಯ ಹುಡುಗಿ ಸ್ನೇಹಾ ಬಹಳ ಸಂಭ್ರಮದಿಂದ ಹೇಳಿದಳಂತೆ, ಇವು ಹೊಸ ಪದ್ಧತಿಯ ಬ್ಲೂಟೂತಿನವು, ಮಾತು ದಾಟಿಸಲು ನಡುವೆ ಕೊರಳಿಗೊಂದು ಡಬ್ಬಿ ತೂಗುಹಾಕುವುದು ಬೇಡ, ಫೋನಿನ ಮಾತು, ಕಂಪ್ಯೂಟರಿನ ಮಾತು ನೇರವಾಗಿ ಎರಡೂ ಕಿವಿಗೆ ಬರುತ್ತದೆ ಎಂದು. ಮನೆಗೆ ಬಂದ ಅತ್ತಿ ಮೊದಲ ದಿನ ಎಲ್ಲದಕ್ಕೂ ಬೆಚ್ಚಿದರು. ಒಗ್ಗರಣೆ ಚಟಪಟ ಅಂದರೆ ಬೆಚ್ಚಿದರು. ನನ್ನ ಬಳೆ ಸದ್ದಿಗೂ ಬೆಚ್ಚಿದರು. ಮಗ ಚಹಾ ಹೀರುವುದನ್ನು ಬಹಳ ಹೊತ್ತು ಕೇಳಿ, "ಹಿಂಗ ಸೊರ್ ಅಂತ ಕುಡೀತೀಯಲ್ಲೋ! ಯಾರೂ ಹೇಳಲಿಲ್ಲೇನು ನಿಂಗ ಇಷ್ಟು ದಿನಾ?" ಎಂದು ನನ್ನ ಕಡೆ ನೋಡಿದರು.

ಇನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕೆಲಸ. ಅದು ತಜ್ಞೆಯ ಪಾಲು. ದೊಡ್ಡ ಪರದೆಯಲ್ಲಿ ಎಲ್ಲರ ಮುಖ ಕಾಣುತ್ತದೆ, ಮಾತು ಸೀದಾ ಕಿವಿಗೆ ಬರುತ್ತದೆ, ಅತ್ತಿ ನಿಜವಾದ ಅಧ್ಯಕ್ಷರ ಹಾಗೆ ಸಭೆ ನಡೆಸುತ್ತಾರೆ ಎಂದು ನಾನು ಬಡಾಯಿ ಕೊಚ್ಚಿಕೊಂಡಿದ್ದೆ. ಬ್ಲೂಟೂತ್ ತೆಗೆದು ಹುಡುಕಲು ಹೇಳಿದೆ. ಲ್ಯಾಪ್‌ಟಾಪಿಗೆ ಪಕ್ಕದ ಮನೆಯ ಟಿವಿ ಕಂಡಿತು. ಎದುರುಮನೆಯವರ ಫೋನು ಕಂಡಿತು. ರಸ್ತೆಯಲ್ಲಿ ಹೊರಟಿದ್ದ ಯಾವುದೋ ಆಟೋದ ಸ್ಪೀಕರ್ ಕಂಡು ಮಾಯವಾಯಿತು. ಒಂದು ಗೇಣು ದೂರದಲ್ಲಿ ಕೂತಿದ್ದ ಅತ್ತಿ ಮಾತ್ರ ಕಾಣಲಿಲ್ಲ.

"ಹತ್ತರ ಬರಬೇಕೇನು?" ಎಂದು ಅತ್ತಿ ಕುರ್ಚಿ ಸರಿಸಿದರು. ಆಮೇಲೆ ಬಗ್ಗಿ, ಲ್ಯಾಪ್‌ಟಾಪಿಗೆ ಕಿವಿ ಹಚ್ಚಿಯೇ ಕೂತರು. ಕೆನ್ನೆ ತಾಗಿ ಪರದೆಯ ಮೇಲೆ ಏನೇನೋ ಅಕ್ಷರಗಳು ಬಿದ್ದವು.

ಸ್ನೇಹಾಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ನಮ್ಮ ಮನೆಯವರು ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ರೊಟ್ಟಿ ತಿನ್ನುತ್ತಿದ್ದರು.

"ಮೇಡಮ್, ಲ್ಯಾಪ್‌ಟಾಪ್ ಎಷ್ಟು ಹಳೇದ್ರಿ?" ಎಂದಳು ಹುಡುಗಿ.

"ಚೊಲೋ ಐತ್ರಿ, ಗಟ್ಟಿಮುಟ್ಟ ಐತಿ."

"ಗಟ್ಟಿ ಇರೂದು ಬ್ಯಾರೆ ರೀ. ಅದರ ಆಪರೇಟಿಂಗ್ ಸಿಸ್ಟಂ ಹಳೇದೈತಿ. ಈ ಹೊಸಾ ಪದ್ಧತಿ ಬಂದದ್ದ ಅದಕ್ಕ ಗೊತ್ತಿಲ್ಲ. ಹಂಗಾಗಿ ನಿಮ್ಮ ಅತ್ತಿ ಅದಕ್ಕ ಕಾಣಂಗಿಲ್ಲ. ಇನ್ನೊಂದೇನಂದ್ರ, ನಿಮ್ಮ ಡ್ರೈವರೂ ಭಾಳ ಹಳೇದಾಗೈತಿ ಅನಸ್ತೈತ್ರಿ."

ನಮ್ಮ ಮನೆಯವರ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಹಳೇ ಡ್ರೈವರ್ ತೆಗೆದುಹಾಕಿ ಹೊಸಾದು ಹಾಕ್ಕೊಳ್ರಿ ಮೇಡಮ್. ಭಾಳ ಮಂದಿ ವರ್ಷಗಟ್ಲೆ ಬದಲಿ ಮಾಡಂಗ ಇಲ್ಲ. ಅದಕ್ಕ ಎಲ್ಲಾ ತ್ರಾಸು."

"ಏನಂತಾಳ ಈ ಹುಡುಗಿ?" ಎಂದರು ನಮ್ಮ ಮನೆಯವರು.

ಡ್ರೈವರ್ ಎಂದರೆ ಲ್ಯಾಪ್‌ಟಾಪಿನ ಒಳಗೆ ಇರುವ ಒಂದು ಸಣ್ಣ ಪ್ರೋಗ್ರಾಮು, ಯಂತ್ರದ ಭಾಗಗಳಿಗೂ ಸಿಸ್ಟಂಗೂ ನಡುವೆ ಮಾತು ಮುಟ್ಟಿಸುವಂಥದ್ದು ಎಂದು ನಾನು ಅವರಿಗೆ ತಿಳಿಸಿ ಹೇಳಬೇಕಾಯಿತು. ಅವರು ನಂಬಲಿಲ್ಲ. ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತ, "ಅನುಭವ ಇದ್ದ ಡ್ರೈವರನ್ನ ತೆಗೆದುಹಾಕಿದ್ರ ಯಾವ ಸಿಸ್ಟಮೂ ನಡೆಯಂಗಿಲ್ಲ," ಎಂದು ಹೇಳಿ ಹೋದರು.

ಸಿಸ್ಟಂ ಹೊಸದು ಮಾಡಲು ಕೂತೆ. ಅದು ನೆಟ್ಟಿನಿಂದ ಇಳಿಯಿತು, ಲ್ಯಾಪ್‌ಟಾಪು ತಾನೇ ಹತ್ತಿಕೊಂಡಿತು, ಬಂದ್ ಆಯಿತು, ಮತ್ತೆ ಹತ್ತಿಕೊಂಡಿತು. ಪರದೆಯ ಮೇಲೆ ಚುಕ್ಕಿಗಳು ಒಂದರ ಹಿಂದೆ ಒಂದು ಓಡುತ್ತ ವೃತ್ತ ಹಾಕತೊಡಗಿದವು. ಅತ್ತಿ ಪಕ್ಕದಲ್ಲಿ ಕೂತು ಕೌದಿ ಹೊಲಿಯುತ್ತ ಅದನ್ನೇ ನೋಡುತ್ತಿದ್ದರು. ಇನ್ನೇನು ಮುಗಿಯಿತು ಅನ್ನುವಾಗ ಕರೆಂಟು ಹೋಯಿತು. ಬ್ಯಾಟರಿ ಸತ್ತು ಬಹಳ ದಿನವಾಗಿದ್ದ ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಕರೆಂಟು ಬಂದ ಮೇಲೆ ಅದು ತಾನು ಮಾಡಿದ್ದನ್ನೆಲ್ಲ ಬಿಚ್ಚಿ, ಮೊದಲಿನಿಂದ ಶುರು ಮಾಡಿತು. "ನನ್ನ ಹೊಲಿಗಿ ಹಂಗ, ತಪ್ಪಿದ್ರ ಪೂರಾ ಬಿಚ್ಚಬೇಕು," ಎಂದು ಅತ್ತಿ ಅದರ ಮೇಲೆ ಸ್ವಲ್ಪ ಕನಿಕರ ತೋರಿಸಿದರು.

ಕೊನೆಗೂ ಹೊಸ ಸಿಸ್ಟಂ ಬಂತು. ಐಕಾನುಗಳೆಲ್ಲ ಜಾಗ ಬದಲಿಸಿ ನಡುವಿಗೆ ಬಂದು ಕೂತಿದ್ದವು. ನನ್ನ ಕನ್ನಡ ಕೀಬೋರ್ಡು ಮಾಯವಾಗಿತ್ತು. ಮತ್ತೆ ಹುಡುಕಲು ಹೇಳಿದೆ. ಪಕ್ಕದ ಮನೆಯ ಟಿವಿ ಈಗ ಇನ್ನೂ ಸ್ಪಷ್ಟವಾಗಿ ಕಂಡಿತು. ಅತ್ತಿ ಕಾಣಲಿಲ್ಲ.

ಸ್ನೇಹಾಗೆ ಮತ್ತೆ ಫೋನು. ಆ ಹುಡುಗಿಯ ತಾಳ್ಮೆ ದೊಡ್ಡದು. "ಮೇಡಮ್, ಈಗ ಸಿಸ್ಟಂಗೆ ಹೊಸಾ ಭಾಷೆ ಬರ್ತೈತ್ರಿ. ಆದ್ರ ಲ್ಯಾಪ್‌ಟಾಪಿನೊಳಗಿನ ಬ್ಲೂಟೂತ್ ಚಿಪ್ಪು ಹಳೇದು. ಭಾಷೆ ಗೊತ್ತೈತಿ, ಆಡಾಕ ನಾಲಿಗಿ ಇಲ್ಲ. ಸಿಸ್ಟಮ್ಮು, ಡ್ರೈವರು, ಚಿಪ್ಪು, ಎಲ್ಲಾ ಕೂಡಿ ಒಪ್ಪಿದ್ರನ ಇದು ನಡಿಯೂದು."

ಇಷ್ಟೂ ಮಾತನ್ನು ಅತ್ತಿ ಕೇಳಿಸಿಕೊಂಡಿದ್ದರು. "ಅಂದ್ರ ಕಂಪ್ಯೂಟರಿಗೆ ಕಿವುಡು. ನಂಗ ಹಾಕ್ಸಿದಂಗ ಅದಕ್ಕೂ ಒಂದು ಹಾಕ್ಸಬಾರದೇನು?" ಎಂದು ಕೇಳಿದರು. ಸ್ನೇಹಾ ಆ ಕಡೆಯಿಂದ ಬಹಳ ಹೊತ್ತು ನಕ್ಕಳು. ಆಮೇಲೆ ನನ್ನ ಫೋನು ಯಾವುದು ಎಂದು ಕೇಳಿದಳು. ಅದು ಹೊಸದು. ಅದರ ಸಿಸ್ಟಮ್ಮೂ ಹೊಸದು, ಚಿಪ್ಪೂ ಹೊಸದು. ಒತ್ತಿದೆನೋ ಇಲ್ಲವೋ, ಎಡಕಿವಿ ಬಂತು, ಬಲಕಿವಿ ಬಂತು. ಹಾಡೊಂದನ್ನು ಹಚ್ಚಿದೆ. ಅತ್ತಿ ಸೂಜಿ ಕೆಳಗಿಟ್ಟು, "ಅಯ್ಯ ನಮ್ಮವ್ವ! ತಲಿಯೊಳಗ ಕುಂತು ಹಾಡಾಕತ್ತಾರ," ಎಂದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಸಭೆ ಫೋನಿನಲ್ಲೇ ಎಂದು ಗೊತ್ತುಮಾಡಿದೆವು. ನಾನು ಗೆದ್ದವಳ ಹಾಗೆ ಓಡಾಡಿದೆ.

ಮರುದಿನ ಕಾಲೇಜಿಗೆ ರಜೆ. ಅತ್ತಿ ಹಿತ್ತಲಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕೂತು ಸುಮಕ್ಕನಿಗೆ ಫೋನು ಹಚ್ಚಿದೆ. ಆ ಕಡೆಯಿಂದ ಒಂದು ಸದ್ದೂ ಇಲ್ಲ.

"ಅಕ್ಕಾ, ಕೇಳವಲ್ದು. ನಿಂಗ ಕೇಳಸ್ತೈತೇನು? ನೀ ಮಾತಾಡ್ಕೊಂತ ಇರು, ನಡುವ ಬರ್ತೈತಿ ನೋಡೂಣು," ಎಂದೆ. ನೆಟ್‌ವರ್ಕು ಸಿಗಲೆಂದು ಕಿಟಕಿ ಕಡೆ ಹೋದೆ, ಬಾಗಿಲ ಕಡೆ ಹೋದೆ. ಹಳೆಯ ನೆನಪಾಗಿ ಫೋನಿನ ಬೆನ್ನಿಗೆ ಒಂದು ಬಡಿದೆ. ನಮ್ಮಕ್ಕನಿಗೆ ಮಾತಾಡಿಕೊಂತ ಇರು ಎಂದು ಹೇಳಿದರೆ ಬೇರೇನೂ ಬೇಡ. ಅವಳು ಮಾತಾಡಿದಳು. ಆ ಮಾತೆಲ್ಲ ಎಲ್ಲಿ ಹೋಗುತ್ತಿತ್ತು ಎಂದು ನಿಮಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಫೋನಿಗೆ ಜೋಡಿಸಿದ್ದು ಅತ್ತಿಯ ಕಿವಿ. ಫೋನಿನ ಮಾತು ಇನ್ನು ಮುಂದೆ ಅಲ್ಲಿಗೇ.

ಸ್ವಲ್ಪ ಹೊತ್ತಿಗೆ ಅತ್ತಿ ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ಎರಡೂ ಕೈಯಲ್ಲಿ ಮೆಣಸಿನಕಾಯಿ ಇದ್ದವು.

"ಶೈಲಾ, ನಿಮ್ಮಕ್ಕ ನನ್ನ ಕಿವಿಯಾಗ ಮಾತಾಡಾಕತ್ತಾಳ."

ನಾನು ಕಿವಿಯಿಂದ ಫೋನು ತೆಗೆದು ಅದರ ಮುಖ ನೋಡಿದೆ.

"ಸಕ್ಕರಿ ಕಡಿಮಿ ಅಂದದ್ದಕ್ಕ ನಾನು ಅಧ್ಯಕ್ಷಿ ಆದೆ ಅಂತ. ಈ ಸಲದ ಮೀಟಿಂಗಿನಾಗ ಬೆಲ್ಲ ಕೇಳ್ತಾಳೇನೋ ಅಂತ ನಗಾಕತ್ತಾಳ. ಹೌದೇನಿದು?"

ನಾನು ಫೋನು ಕಟ್ ಮಾಡಿದೆ. ಅತ್ತಿ ನನ್ನ ಮುಖವನ್ನೇ ನೋಡಿದರು. ಮುಖ ನೋಡಿ ಉತ್ತರ ತಿಳಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲವಲ್ಲ. ಮೆಣಸಿನಕಾಯಿಯನ್ನು ಕೆಳಗಿಟ್ಟು, ಕೈ ತೊಳೆದು ಒರೆಸಿಕೊಂಡು, ಕಿವಿಯಿಂದ ಎರಡೂ ಮಷೀನು ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಿದರು. "ಕೇಳಲಾರದ್ದ ಚೊಲೋ ಇತ್ತು," ಎಂದು ಹೇಳಿ ಒಳಗೆ ಹೋಗಿ ಮಲಗಿದರು. ಮೊಳೆಯ ಮೇಲೆ ಒಣಗಿದ ಮಾಲೆ ಸಂಜೆಯ ಹೊತ್ತಿಗೆ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತಿ ಹೊಲಿಯಲೂ ಕೂರಲಿಲ್ಲ. ಸುಮಕ್ಕ ಕ್ಷಮೆ ಕೇಳಲೆಂದು ಶಿಗ್ಗಾಂವಿಯಿಂದ ಬಸ್ಸು ಹತ್ತಿ ಬಂದಳು. ಅತ್ತಿಯ ಎದುರು ಕೂತು ಏನೇನೋ ಹೇಳಿ ಅತ್ತಳು. ಅತ್ತಿ ಅವಳ ಮುಖ ನೋಡಿ, "ಹೂಂ, ಮಳಿ ಚೊಲೋ ಆಗೈತಿ," ಎಂದರು. ಕೇಳಿಸದೆ ಹೇಳಿದರೋ ಬೇಕೆಂದೇ ಹೇಳಿದರೋ ನಮಗೆ ತಿಳಿಯಲಿಲ್ಲ. ಸುಮಕ್ಕ ಅಳು ನಿಲ್ಲಿಸಿ, ಹೌದ್ರಿ, ನಮ್ಮ ಕಡಿಗೂ ಚೊಲೋ ಆಗೈತಿ ಎಂದು ಹೇಳಿ ಊರಿಗೆ ಹೋದಳು.

ಮೀಟಿಂಗಿನ ದಿನ ಬಂತು. ನಮ್ಮ ಓಣಿಯ ಕೌದಿ ಹೊಲಿಯುವ ಹೆಂಗಸರೆಲ್ಲ ಬಂದು ನಡುಮನೆಯಲ್ಲಿ ಕೂತರು. ಅತ್ತಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಗೆ ಬಂದರು. ಕೈಯಲ್ಲಿ ಮಷೀನಿನ ಡಬ್ಬಿ.

"ಅಧ್ಯಕ್ಷತನ ಒಲ್ಲೆ ಅಂತ ಹೇಳಾಕ ಬಂದೇನಿ," ಎಂದರು.

"ಒಲ್ಲೆ ಅನ್ನಾಕ ಬಾಯಿ ಸಾಕಲ್ಲವ್ವಾ, ಕಿವಿ ಯಾಕ?" ಎಂದು ನಮ್ಮ ಮನೆಯವರು ಗಟ್ಟಿಯಾಗಿ ಕೂಗಿ, ಕೈಸನ್ನೆಯನ್ನೂ ಮಾಡಿ ಕೇಳಿದರು.

"ಒಲ್ಲೆ ಅಂದ ಮ್ಯಾಲ ಅವರು ಏನಂತಾರ ಅಂತ ಕೇಳಬೇಕಲ್ಲೋ," ಎಂದು ಅತ್ತಿ ಮಷೀನು ಹಾಕಿಕೊಂಡರು.

ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಪರದೆಯಲ್ಲಿ ಹಾನಗಲ್ಲಿನವರು ಬಂದರು, ಶಿಗ್ಗಾಂವಿಯ ಗುಂಪಿನಲ್ಲಿ ಮೂಲೆಯಲ್ಲಿ ಸೆರಗು ಮುಖಕ್ಕೆಳೆದುಕೊಂಡ ಸುಮಕ್ಕ ಬಂದಳು, ಸವಣೂರಿನಿಂದ ರಜಿಯಾಬಿ ಬಂದರು. ಎಲ್ಲರ ಬಾಯಿಗಳೂ ಆಡತೊಡಗಿದವು. ನಮಗೆ ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಎಲ್ಲ ಮಾತೂ ಅತ್ತಿಯ ಕಿವಿಗೆ. ನಾನು ಸ್ಪೀಕರ್ ಹಾಕಲು ಕೈ ಚಾಚಿದೆ. ಅತ್ತಿ ಆ ಕೈಗೆ ಒಂದು ಹಾಕಿದರು.

"ಮುಟ್ಟಬ್ಯಾಡ. ಚೊಲೋ ಬರಾಕತ್ತೈತಿ."

"ಏನಂತಾರ್ರಿ ಅತ್ತಿ?"

"ತಡೀ. ಹಾನಗಲ್ಲವರು ಮಾತಾಡಾಕತ್ತಾರ." ಕೇಳಿ ಕೇಳಿ ತಲೆಯಾಡಿಸಿದರು, ನಕ್ಕರು, ಒಮ್ಮೆ "ಅಯ್ಯ ಹೌದೇನು?" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಎಲ್ಲಾರಿಗೂ ಚಾ ಮಾಡ್ರಿ ಅಂತ ಹೇಳಾಕತ್ತಾರ," ಎಂದರು.

"ಹಾನಗಲ್ಲಿನವರು? ನಮ್ಮ ಮನಿಯಾಗ?"

"ಹೂಂ. ಶುಂಠಿ ಹಾಕು ಅಂತಾರ."

ನಾನು ಎದ್ದು ಹೋಗಿ ಚಹಾ ಇಟ್ಟೆ. ಇನ್ನೇನು ಮಾಡುವುದು? ಇಡೀ ಮನೆಯಲ್ಲಿ ಕಿವಿ ಇದ್ದದ್ದು ಅವರೊಬ್ಬರಿಗೇ. ನಾನು ಬರುವ ಹೊತ್ತಿಗೆ ನಮ್ಮ ಓಣಿಯ ಹೆಂಗಸರು ಅತ್ತಿಯ ಮುಖ ನೋಡಿ ಅಂದಾಜು ಮಾಡಿ ನಗುತ್ತ, ಅವರು ಗಂಭೀರವಾದರೆ ತಾವೂ ಗಂಭೀರವಾಗುತ್ತ ಕೂತಿದ್ದರು. ಹೊಲಿಗೆ ಮಷೀನಿನ ಜಗಳಕ್ಕೆ ಅತ್ತಿ ತೀರ್ಪು ಹೇಳಿದ್ದು ಮಾತ್ರ ನಮಗೆ ಸರಿಯಾಗಿ ಕೇಳಿಸಿತು. "ಬೆರಳು ನೊಯ್ಯುವವರು ಅಂಚಿಗೆ ಮಷೀನು ಹಚ್ರಿ. ಕೊಳ್ಳಾವರಿಗೆ ಹೇಳಿ ಮಾರ್ರಿ, ಮುಚ್ಚಿಡಬ್ಯಾಡ್ರಿ. ನಡುವಿಂದು ಕೈಯಾಗ ಆಗಬೇಕು. ನಡುವ ಮಷೀನು ಓಡಿಸಿದ್ರ ಅದಕ್ಕ ಕೌದಿ ಅನ್ನಬ್ಯಾಡ್ರಿ, ಬ್ಯಾರೆ ಹೆಸರಿಡ್ರಿ."

ಆಮೇಲೆ ಅವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಇನ್ನೊಂದ್ ಮಾತು. ಅವತ್ತು ನಾನು ಚಾ ಅಂತ ತಿಳಕೊಂಡು ಹೂಂ ಅಂದಿದ್ದೆ. ಕಿವಿ ಕೇಳಸ್ತಿರಲಿಲ್ಲ. ಹಂಗ ಹೂಂ ಅಂದದ್ದಕ್ಕ ಸಿಕ್ಕ ಅಧ್ಯಕ್ಷತನ ನಂಗ ಬ್ಯಾಡ. ಚೊಲೋ ಹೊಲಿಯಾವ್ರು ಭಾಳ ಮಂದಿ ಅದೀರಿ. ಯಾರರ ಆಗ್ರಿ."

ಪರದೆಯಲ್ಲಿ ಎಲ್ಲ ಬಾಯಿಗಳೂ ಮುಚ್ಚಿದವು. ಸುಮಕ್ಕನ ಸೆರಗು ಇನ್ನೂ ಕೆಳಗೆ ಬಂತು. ಆಮೇಲೆ ರಜಿಯಾಬಿಯ ಬಾಯಿ ಆಡತೊಡಗಿತು. ಬಹಳ ಹೊತ್ತು ಆಡಿತು. ಅತ್ತಿ ಕದಲದೆ ಕೂತಿದ್ದರು. ಅವರ ಮೂಗಿನ ತುದಿ ಕೆಂಪಾಯಿತು. ಕಣ್ಣು ಒರೆಸಿಕೊಂಡರು. ಹಾಗೆ ಒರೆಸಿಕೊಳ್ಳುತ್ತಲೇ ಒಮ್ಮೆಗೇ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ ಕಳ್ಳೀ! ಹಂಗಾರ ಆಗ್ಲಿ ತಗೋ," ಎಂದರು.

"ಏನಂದ್ರು ಅತ್ತಿ, ಏನಂದ್ರು?" ನಾವೆಲ್ಲ ಒಟ್ಟಿಗೆ ಕೇಳಿದೆವು.

"ಏನಿಲ್ಲ. ಚಾ ಆರತೈತಿ, ಕುಡೀರಿ," ಎಂದರು.

ಆಮೇಲೆ ಅವರು ನನ್ನ ಕಡೆ ಬೆರಳು ತೋರಿಸಿ ಪರದೆಗೆ ಏನೋ ಹೇಳಿದರು. ಆಗ ನಮ್ಮ ಓಣಿಯವರು ಚಹಾದ ಕಪ್ಪುಗಳ ಗದ್ದಲದಲ್ಲಿದ್ದರು, ನನಗೆ ಸರಿಯಾಗಿ ಕೇಳಲಿಲ್ಲ. ಪರದೆಯಲ್ಲಿದ್ದವರೆಲ್ಲ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಫೋನು ಜೋಡಿಸಿದ್ದಕ್ಕೆ ಮೆಚ್ಚುಗೆ ಎಂದುಕೊಂಡು ನಾನೂ ನಾಚಿ ಕೈಮುಗಿದೆ.

ರಜಿಯಾಬಿ ಏನು ಹೇಳಿದರೆಂದು ಸುಮಕ್ಕ ಮಾರನೆಯ ದಿನ ಹೇಳಿದಳು. ನನ್ನ ಫೋನನ್ನು ಅವಳು ಇನ್ನು ನಂಬುವುದಿಲ್ಲವಾದ್ದರಿಂದ ನಮ್ಮ ಮನೆಯವರ ಫೋನಿಗೆ ಮಾಡಿದ್ದಳು. ರಜಿಯಾಬಿ ಹೇಳಿದ್ದು ಇಷ್ಟು: "ಗಿರಿಜವ್ವಾರ, ನಿಮಗ ಕೇಳಸಂಗಿಲ್ಲ ಅಂತ ನಮಗ ಗೊತ್ತಿತ್ರಿ. ನಾವು ಕೆಲವರು ಮೊದಲ ಮಾತಾಡ್ಕೊಂಡಿದ್ವಿ. ನಿಮ್ಮ ಹೊಲಿಗಿ ಮುಂದ ಯಾರದೂ ನಿಲ್ಲಂಗಿಲ್ಲ, ಆದ್ರ ಕೇಳಿದ್ರ ನೀವು ಒಲ್ಲೆ ಅಂತೀರಿ. ಅದಕ್ಕ ಆ ಗಡಗಡ ಫ್ಯಾನಿನ ಕೆಳಗ ನಿಮ್ಮನ್ನ ಕುಂಡ್ರಿಸಿ ಕೇಳಿದ್ವಿ. ತಪ್ಪಾಗಿದ್ರ ಈಗ ಬೈರಿ, ಈಗಂತೂ ಕೇಳಸ್ತೈತಲ್ಲ."

"ನಂಗ ಇದು ಗೊತ್ತ ಇರಲಿಲ್ಲ ನೋಡ," ಎಂದಳು ಸುಮಕ್ಕ. ಆಮೇಲೆ, "ಅಂದಂಗ, ನಿಂಗ ಶುಭಾಶಯ," ಎಂದಳು.

"ಯಾತಕ್ಕ?"

"ಅಯ್ಯ, ಒಕ್ಕೂಟದ ಕಾರ್ಯದರ್ಶಿ ಆದೆಲ್ಲ! ನಮ್ಮ ಸೊಸಿ ಒಪ್ಯಾಳ ಅಂತ ನಿಮ್ಮತ್ತಿ ಹೇಳಿದ್ರು. ನೀನೂ ಕೈಮುಗದಿ."

ಮಳೆಗಾಲ ಮುಗಿದ ಮೇಲೆ ಸವಣೂರಿನಲ್ಲಿ ನಾಲ್ಕೂ ತಾಲೂಕಿನವರು ಸೇರಿದೆವು. ರಜಿಯಾಬಿ ಬಾಗಿಲಲ್ಲೇ ನಿಂತು ಅತ್ತಿಯ ಕೈ ಹಿಡಿದು ಒಳಗೆ ಕರೆದೊಯ್ದರು. ಸುಮಕ್ಕ ದೂರದಲ್ಲಿ ಅಳುಕುತ್ತ ನಿಂತಿದ್ದಳು. ಅತ್ತಿ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೌದಿ ತಿರುವಿ ನೋಡಿ, "ಮಾತಿನಂಗ ಐತಿ ನಿನ್ನ ಹೊಲಿಗಿ, ಉದ್ದುದ್ದ. ಸಣ್ಣದು ಹಾಕು," ಎಂದು ಸೂಜಿ ಹಿಡಿದು ತೋರಿಸಿಕೊಟ್ಟರು. ಅವಳ ಮುಖದಲ್ಲಿ ಜೀವ ಬಂತು.

ಸಭೆ ಶುರುವಾಯಿತು. ಒಬ್ಬರು ದಾರದ ಬಗ್ಗೆ ಎದ್ದರು, ಇನ್ನೊಬ್ಬರು ಬಣ್ಣ ಬಿಡುವ ಬಟ್ಟೆಯ ಬಗ್ಗೆ ಎದ್ದರು. ಯಾರದೋ ಕೌದಿಯನ್ನು ಯಾರೋ ತಮ್ಮದೆಂದು ಮಾರಿದ್ದಾರೆ ಎಂದು ಮತ್ತೊಬ್ಬರು. ಇಡೀ ಸಭೆ ಒಟ್ಟಿಗೆ ಬಾಯಿ ತೆರೆಯಿತು. ಅತ್ತಿ ಮಾತ್ರ ಮುಂದೆ ಕೂತು, ಮುಖದ ತುಂಬ ನಗುತ್ತ, ತಣ್ಣಗೆ ಸೂಜಿಗೆ ದಾರ ಪೋಣಿಸುತ್ತಿದ್ದರು. ನನಗೆ ಗಾಬರಿಯಾಯಿತು. ಬಗ್ಗಿ ಅವರ ಮುಖದೆದುರು ಬಂದು, "ಅತ್ತೀ, ಮಷೀನು ಬಂದ್ ಆದುವೇನು?" ಎಂದು ಕೈಸನ್ನೆ ಮಾಡಿದೆ.

"ಆಗಿಲ್ಲ. ನಾನ ಬಂದ್ ಮಾಡೇನಿ."

"ಯಾಕ್ರಿ? ಎಲ್ಲಾರೂ ಮಾತಾಡಾಕತ್ತಾರಲ್ರಿ!"

"ನೀ ಕಾರ್ಯದರ್ಶಿ ಅದಿ. ನೀ ಕೇಳು," ಎಂದು ಹೇಳಿ ಅವರು ಹೊಲಿಯತೊಡಗಿದರು.